ಒಪ್ಪಂದವು ವಿದೇಶಿ ಬಂಡವಾಳಕ್ಕೆ ನಿಜವಾಗಿಯೂ ಬಾಗಿಲು ತೆರೆದಿದೆಯೇ? ಪಠ್ಯವನ್ನು ಹಂತಹಂತವಾಗಿ ಓದುವ ಕ್ರಮ

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಮೆಕ್ಕೆಜೋಳದ ವರ್ತಕರು, ದಾವಣಗೆರೆ ಮತ್ತು ಚಿತ್ರದುರ್ಗದ ಕಾನೂನು ವಿದ್ಯಾರ್ಥಿಗಳು, ರೈತ ಸಂಘಟನೆಗಳ ಕಾರ್ಯಕರ್ತರು ನನ್ನ ಬಳಿ ತರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಇಂಥ ದೇಶದ ಜೊತೆ ಒಪ್ಪಂದವಾಗಿದೆಯಂತೆ, ಇನ್ನು ಆ ದೇಶದ ಕಂಪನಿಗಳು ನಮ್ಮ ಜಿಲ್ಲೆಗೆ ಬಂದು ಹಣ ಹೂಡಬಹುದೇ? ಒಪ್ಪಂದದ ಪಠ್ಯವನ್ನು ಕೈಗೆ ಕೊಟ್ಟರೆ ಬಹುತೇಕರು ಮೊದಲ ಇಪ್ಪತ್ತು ಪುಟ ಓದಿ, ಪರಸ್ಪರ ಹೂಡಿಕೆಯನ್ನು ಉತ್ತೇಜಿಸತಕ್ಕದ್ದು ಎಂಬ ಅರ್ಥದ ಸಾಲಿನ ಕೆಳಗೆ ಗೆರೆ ಎಳೆದು, ಬಾಗಿಲು ತೆರೆದಿದೆ ಎಂದು ಬರೆದು ತರುತ್ತಾರೆ. ಇನ್ನು ಕೆಲವರು ಭಾರತ ಸರ್ಕಾರದ ವಿದೇಶಿ ನೇರ ಹೂಡಿಕೆ (ಎಫ್‌ಡಿಐ) ನೀತಿಯನ್ನು ಓದಿ, ಅದನ್ನೇ ಒಪ್ಪಂದವೆಂದು ತಿಳಿಯುತ್ತಾರೆ. ಈ ಎರಡೂ ಉತ್ತರಗಳು ತಪ್ಪಾಗುವುದು ಬುದ್ಧಿಯ ಕೊರತೆಯಿಂದಲ್ಲ, ಓದುವ ಕ್ರಮ ತಲೆಕೆಳಗಾಗುವುದರಿಂದ.

ಆದ್ದರಿಂದ ಮುಂದಿನ ಹಂತಗಳನ್ನು ಬರೆದಿರುವ ಕ್ರಮದಲ್ಲಿಯೇ ಅನುಸರಿಸಬೇಕು. ಬಾಗಿಲು ತೆರೆಯುವುದು ಸಾಮಾನ್ಯವಾಗಿ ದೇಶದ ಸ್ವಂತ ಕಾನೂನು. ಒಪ್ಪಂದವು ಮಾಡುವ ಕೆಲಸವೆಂದರೆ, ಆ ಬಾಗಿಲನ್ನು ಇಂತಿಷ್ಟು ಅಗಲಕ್ಕಿಂತ ಕಿರಿದು ಮಾಡುವಂತಿಲ್ಲ ಎಂದು ಸರ್ಕಾರದ ಕೈಯನ್ನು ಕಟ್ಟುವುದು. ಆ ಕಟ್ಟು ಯಾವ ಪುಟದಲ್ಲಿದೆ, ಎಷ್ಟು ಬಿಗಿಯಾಗಿದೆ ಎಂಬುದನ್ನು ಹುಡುಕುವುದೇ ಇಲ್ಲಿನ ಕೆಲಸ.

ಆರಂಭಕ್ಕೆ ಮುನ್ನ ಕೈಯಲ್ಲಿರಬೇಕಾದ ಕಾಗದಗಳು

ಒಪ್ಪಂದದ ಪೂರ್ಣ ಪಠ್ಯ ಬೇಕು, ಅದರಲ್ಲಿಯೂ ಎಲ್ಲ ಅನುಬಂಧಗಳು ಬೇಕು. ಮುಖ್ಯ ಪಠ್ಯ ನೂರು ಪುಟವಿದ್ದರೆ ಅನುಬಂಧ ಐನೂರು ಪುಟವಿರಬಹುದು, ಮತ್ತು ಉತ್ತರವಿರುವುದು ಆ ಐನೂರು ಪುಟಗಳಲ್ಲಿಯೇ. ವ್ಯಾಪಾರ ಒಪ್ಪಂದಗಳ ಪಠ್ಯ ಕೇಂದ್ರ ವಾಣಿಜ್ಯ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಹೂಡಿಕೆ ಒಪ್ಪಂದಗಳನ್ನು ವಿಶ್ವಸಂಸ್ಥೆಯ ಅಂಗವಾದ ಅಂಕ್ಟಾಡ್ ಒಂದೆಡೆ ಸಂಗ್ರಹಿಸಿಟ್ಟಿದೆ.

ಎರಡನೆಯದು, ವಿಶ್ವ ವಾಣಿಜ್ಯ ಸಂಸ್ಥೆಯ ಸೇವಾ ವ್ಯಾಪಾರ ಒಪ್ಪಂದದ, ಅಂದರೆ ಗ್ಯಾಟ್ಸ್‌ನ, ಅಡಿಯಲ್ಲಿ ಭಾರತ ಸಲ್ಲಿಸಿರುವ ಬದ್ಧತಾ ಪಟ್ಟಿ. ಅದರ ದಾಖಲೆ ಸಂಖ್ಯೆ ಜಿಎಟಿಎಸ್/ಎಸ್‌ಸಿ/42. ಮೂರನೆಯದು, ಆ ಪಟ್ಟಿಯಲ್ಲಿ ಬರುವ ಸಂಕೇತಸಂಖ್ಯೆಗಳನ್ನು ಬಿಡಿಸಲು ವಿಶ್ವಸಂಸ್ಥೆಯ ಉತ್ಪನ್ನ ವರ್ಗೀಕರಣ, ಅಂದರೆ ಸಿಪಿಸಿ. ನಾಲ್ಕನೆಯದು, 2020ರ ಅಕ್ಟೋಬರ್‌ನಲ್ಲಿ ಹೊರಬಂದ ಕ್ರೋಡೀಕೃತ ಎಫ್‌ಡಿಐ ನೀತಿ ಮತ್ತು ಅದರ ನಂತರದ ಪ್ರೆಸ್ ನೋಟ್‌ಗಳು, ಅಂದರೆ ನೀತಿಯ ಬದಲಾವಣೆಯನ್ನು ಸರ್ಕಾರ ಅಧಿಕೃತವಾಗಿ ಹೊರಡಿಸುವ ಟಿಪ್ಪಣಿಗಳು. ಐದನೆಯದು, 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಡಿ, ಅಂದರೆ ಫೆಮಾ ಅಡಿ, 2019ರಲ್ಲಿ ರೂಪಿಸಿದ ಸಾಲೇತರ ಸಾಧನಗಳ (ಷೇರಿನಂಥ ಹೂಡಿಕೆಗಳ) ನಿಯಮಗಳು.

ಪತ್ರಿಕಾ ಪ್ರಕಟಣೆಯನ್ನಾಗಲಿ, ಸಹಿ ಸಮಾರಂಭದ ದಿನ ಬಿಡುಗಡೆಯಾಗುವ ಸಾರಾಂಶವನ್ನಾಗಲಿ ಆಧಾರವಾಗಿ ಇಟ್ಟುಕೊಳ್ಳಬೇಡಿ. ಎರಡೂ ದೇಶಗಳ ಸಾರಾಂಶಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಪ್ರತಿಯೊಂದೂ ತಾನು ಪಡೆದುದನ್ನು ಹಿಗ್ಗಿಸಿ, ಕೊಟ್ಟುದನ್ನು ಕುಗ್ಗಿಸಿ ಹೇಳಿರುವುದು ಕಾಣುತ್ತದೆ.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯಕ್ಕೆ ಇಳಿಸಿ

‘ವಿದೇಶಿ ಕಂಪನಿಗಳು ಬರಬಹುದೇ’ ಎಂಬ ಪ್ರಶ್ನೆಗೆ ಯಾವ ಒಪ್ಪಂದದಲ್ಲಿಯೂ ಉತ್ತರವಿಲ್ಲ. ಯಾವ ದೇಶದ ಹೂಡಿಕೆದಾರ, ಯಾವ ಚಟುವಟಿಕೆ, ಯಾವ ರೂಪದಲ್ಲಿ, ಮತ್ತು ಒಳಗೆ ಬರುವ ಘಟ್ಟವೋ ಬಂದ ಮೇಲಿನ ಘಟ್ಟವೋ ಎಂಬ ನಾಲ್ಕು ಅಂಶಗಳನ್ನು ಮೊದಲು ಬರೆದುಕೊಳ್ಳಬೇಕು.

ಚಟುವಟಿಕೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ‘ಮೆಕ್ಕೆಜೋಳದ ವ್ಯವಹಾರ’ ಎಂಬುದು ಒಂದು ಚಟುವಟಿಕೆಯಲ್ಲ. ಬಿತ್ತನೆ ಬೀಜ ಉತ್ಪಾದಿಸುವುದು, ಹೊಲದಲ್ಲಿ ಬೆಳೆಯುವುದು, ಸಗಟಾಗಿ ಕೊಂಡು ಮಾರುವುದು, ಪಿಷ್ಟ ಅಥವಾ ಪಶು ಆಹಾರ ತಯಾರಿಸುವುದು, ಅಂಗಡಿಯಲ್ಲಿ ಚಿಲ್ಲರೆಯಾಗಿ ಮಾರುವುದು ಎಂಬ ಐದು ಬೇರೆ ಬೇರೆ ಕೆಲಸಗಳು ಅದರೊಳಗಿವೆ, ಮತ್ತು ಐದಕ್ಕೂ ನಿಯಮ ಬೇರೆ. ಚಿತ್ರದುರ್ಗ ಜಿಲ್ಲೆಯ ಕಬ್ಬಿಣದ ಅದಿರಿನ ವಿಷಯವೂ ಹಾಗೆಯೇ: ಅದಿರು ತೆಗೆಯುವುದು ಸೇವೆಯಲ್ಲವಾದ್ದರಿಂದ ಗ್ಯಾಟ್ಸ್‌ನ ವ್ಯಾಪ್ತಿಗೆ ಬರುವುದಿಲ್ಲ, ಆದರೆ ಗಣಿಗಾರಿಕೆಗೆ ಪೂರಕವಾದ ಸೇವೆಗಳನ್ನು ಶುಲ್ಕಕ್ಕೆ ಒದಗಿಸುವ ಕಂಪನಿ ಬರುತ್ತದೆ. ಈ ಭೇದವನ್ನು ಆರಂಭದಲ್ಲಿಯೇ ಗುರುತಿಸದವರು ತಪ್ಪು ಒಪ್ಪಂದವನ್ನು ವಾರಗಟ್ಟಲೆ ಓದುತ್ತಾರೆ.

ಈ ಲೇಖನದುದ್ದಕ್ಕೂ ನಾನು ಒಂದು ಮಾದರಿ ಪ್ರಶ್ನೆಯನ್ನು ಹಿಡಿದು ನಡೆಯುತ್ತೇನೆ: ವಿಶ್ವ ವಾಣಿಜ್ಯ ಸಂಸ್ಥೆಯ ಸದಸ್ಯ ರಾಷ್ಟ್ರವೊಂದರ ಆಸ್ಪತ್ರೆ ಕಂಪನಿಯು ದಾವಣಗೆರೆಯಲ್ಲಿ ಹೊಸ ಆಸ್ಪತ್ರೆಯನ್ನು ಸ್ಥಾಪಿಸುವ ಹಕ್ಕು ಹೊಂದಿದೆಯೇ? ವೈದ್ಯಕೀಯ ಶಿಕ್ಷಣಕ್ಕೆ ಹೆಸರಾದ ಊರಿನಲ್ಲಿ ಇದು ಕೇವಲ ಕಲ್ಪನೆಯ ಪ್ರಶ್ನೆಯಲ್ಲ.

ಹಂತ 2: ಒಪ್ಪಂದದ ಜಾತಿಯನ್ನೂ ಅದು ಜಾರಿಯಲ್ಲಿದೆಯೇ ಎಂಬುದನ್ನೂ ಗುರುತಿಸಿ

ಹೂಡಿಕೆಗೆ ಸಂಬಂಧಿಸಿದ ಒಪ್ಪಂದಗಳು ಸ್ಥೂಲವಾಗಿ ನಾಲ್ಕು ಬಗೆ. ಮೊದಲನೆಯದು ದ್ವಿಪಕ್ಷೀಯ ಹೂಡಿಕೆ ಒಪ್ಪಂದ. ಭಾರತ ಇಂಥ ಮೊದಲ ಒಪ್ಪಂದಕ್ಕೆ 1994ರಲ್ಲಿ ಬ್ರಿಟನ್ನಿನ ಜೊತೆ ಸಹಿ ಹಾಕಿತು. ಎರಡನೆಯದು ಗ್ಯಾಟ್ಸ್, ಅದರಲ್ಲಿ ಹೇಳಿರುವ ನಾಲ್ಕು ಪೂರೈಕೆ ವಿಧಾನಗಳ ಪೈಕಿ ಮೂರನೆಯದಾದ ‘ವಾಣಿಜ್ಯ ಉಪಸ್ಥಿತಿ’ ಎಂಬುದು ವಿದೇಶಿ ಹೂಡಿಕೆಯ ಇನ್ನೊಂದು ಹೆಸರೇ. ಮೂರನೆಯದು ಸಮಗ್ರ ವ್ಯಾಪಾರ ಒಪ್ಪಂದಗಳೊಳಗಿನ ಹೂಡಿಕೆ ಅಧ್ಯಾಯ. ನಾಲ್ಕನೆಯದು ಉತ್ತೇಜನ ಅಥವಾ ಸಹಕಾರದ ಅಧ್ಯಾಯ.

ಹೆಚ್ಚು ಜನ ಮೋಸಹೋಗುವುದು ಈ ನಾಲ್ಕನೆಯ ಬಗೆಯಲ್ಲಿ. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್ ಮತ್ತು ಲಿಖ್ಟೆನ್‌ಸ್ಟೈನ್‌ಗಳ ಇಎಫ್‌ಟಿಎ ಕೂಟದ ಜೊತೆ 2024ರ ಮಾರ್ಚ್ 10ರಂದು ಸಹಿಯಾದ ಒಪ್ಪಂದದಲ್ಲಿ 15 ವರ್ಷಗಳಲ್ಲಿ 10,000 ಕೋಟಿ ಡಾಲರ್ ಹೂಡಿಕೆ ಮತ್ತು 10 ಲಕ್ಷ ಉದ್ಯೋಗದ ಗುರಿಯಿದೆ. ಅಲ್ಲಿ ಮಾತು ಕೊಟ್ಟವರು ಆ ದೇಶಗಳು, ಬಾಗಿಲು ತೆರೆಯುವ ಮಾತು ಕೊಟ್ಟದ್ದು ಭಾರತವಲ್ಲ. ಹೂಡಿಕೆದಾರನಿಗೆ ಸರ್ಕಾರದ ವಿರುದ್ಧ ಮೊಕದ್ದಮೆ ಹೂಡುವ ಹಕ್ಕು ಆ ಅಧ್ಯಾಯದಲ್ಲಿ ಇಲ್ಲ. ಅದನ್ನು ಓದಿ ‘ಸ್ವಿಸ್ ಕಂಪನಿಗಳಿಗೆ ಪ್ರವೇಶದ ಹಕ್ಕು ಸಿಕ್ಕಿತು’ ಎಂದು ಬರೆಯುವುದು ದೊಡ್ಡ ತಪ್ಪು. ಸೇವೆಗಳ ಅಧ್ಯಾಯ ಮತ್ತು ಅದರ ಪಟ್ಟಿ ಅದೇ ಒಪ್ಪಂದದಲ್ಲಿ ಬೇರೆಯಾಗಿದೆ. ಪ್ರವೇಶದ ಹಕ್ಕನ್ನು ಅಲ್ಲಿ ಹುಡುಕಬೇಕು.

ದಿನಾಂಕಗಳನ್ನು ಎರಡು ಕಾಲಮ್ಮುಗಳಲ್ಲಿ ಬರೆಯಿರಿ: ಸಹಿಯಾದ ದಿನ, ಜಾರಿಗೆ ಬಂದ ದಿನ. ಮೇಲಿನ ಒಪ್ಪಂದ ಜಾರಿಯಾದದ್ದು 2025ರ ಅಕ್ಟೋಬರ್ 1ರಂದು, ಅಂದರೆ ಸಹಿಯಾಗಿ ಒಂದೂವರೆ ವರ್ಷ ಕಳೆದ ಮೇಲೆ. ಯುಎಇ ಜೊತೆಗಿನ ಹೂಡಿಕೆ ಒಪ್ಪಂದಕ್ಕೆ 2024ರ ಫೆಬ್ರುವರಿ 13ರಂದು ಸಹಿ ಬಿದ್ದು, ಅದೇ ವರ್ಷದ ಆಗಸ್ಟ್ 31ರಂದು ಜಾರಿಗೆ ಬಂದಿತು. ನಡುವಿನ ಅವಧಿಯಲ್ಲಿ ಹೂಡಿಕೆದಾರನು ಆ ಪಠ್ಯವನ್ನು ಹಿಡಿದು ಹಕ್ಕು ಸಾಧಿಸಲಾರ.

ನಮ್ಮ ಮಾದರಿ ಪ್ರಶ್ನೆಯಲ್ಲಿ ಆಸ್ಪತ್ರೆ ಒಂದು ಸೇವೆ, ರೂಪ ವಾಣಿಜ್ಯ ಉಪಸ್ಥಿತಿ. ಆದ್ದರಿಂದ 1995ರ ಜನವರಿ 1ರಿಂದ ಜಾರಿಯಲ್ಲಿರುವ ಗ್ಯಾಟ್ಸ್ ಮೊದಲ ನಿಲ್ದಾಣ. ಆ ದೇಶದ ಜೊತೆ ಬೇರೆ ವ್ಯಾಪಾರ ಒಪ್ಪಂದವಿದ್ದರೆ ಅದು ಎರಡನೆಯದು.

ಹಂತ 3: ‘ಹೂಡಿಕೆದಾರ’ ಮತ್ತು ‘ಹೂಡಿಕೆ’ ಪದಗಳ ವ್ಯಾಖ್ಯೆಯನ್ನು ಓದಿ

ಈ ಹಂತ ಚಿಕ್ಕದು, ಆದರೆ ಬಿಡುವಂತಿಲ್ಲ. ಕಂಪನಿಯ ಹೆಸರು ಯಾವ ದೇಶದ್ದೆಂದು ಕೇಳಿಬರುತ್ತದೆಯೋ ಅದು ಒಪ್ಪಂದದ ದೃಷ್ಟಿಯಲ್ಲಿ ಅದರ ದೇಶವಾಗಬೇಕೆಂದಿಲ್ಲ. ಬ್ರಿಟಿಷ್ ಮೂಲದ್ದೆಂದು ಎಲ್ಲರೂ ತಿಳಿದಿರುವ ವೊಡಾಫೋನ್, ತೆರಿಗೆ ವಿವಾದವನ್ನು ನೆದರ್ಲೆಂಡ್ಸ್‌ನ ತನ್ನ ಸಂಸ್ಥೆಯ ಮೂಲಕ ಭಾರತ–ನೆದರ್ಲೆಂಡ್ಸ್ ಒಪ್ಪಂದದ ಅಡಿ ಒಯ್ದು, 2020ರ ಸೆಪ್ಟೆಂಬರ್‌ನಲ್ಲಿ ತನ್ನ ಪರ ತೀರ್ಪು ಪಡೆಯಿತು. ನೋಂದಣಿಯಾದ ದೇಶ ಸಾಕೇ, ಅಲ್ಲಿ ನಿಜವಾದ ವ್ಯವಹಾರವೂ ಇರಬೇಕೇ ಎಂಬುದನ್ನು ವ್ಯಾಖ್ಯೆಯಲ್ಲಿ ನೋಡಿ.

ಹೂಡಿಕೆಯ ವ್ಯಾಖ್ಯೆಯಲ್ಲಿ ಎರಡು ಬಗೆಗಳಿವೆ. ಹಳೆಯ ಒಪ್ಪಂದಗಳು ‘ಎಲ್ಲ ಬಗೆಯ ಆಸ್ತಿ’ ಎಂದು ಷೇರು, ಸಾಲ, ಗುತ್ತಿಗೆಯ ಹಣ, ಪೇಟೆಂಟ್ ಎಲ್ಲವನ್ನೂ ಒಳಗೆ ತರುತ್ತವೆ. ಹೊಸ ಒಪ್ಪಂದಗಳ ಮಾತುಕತೆಗೆ ನಮೂನೆಯಾಗಿ ಭಾರತ ಸಿದ್ಧಪಡಿಸಿಕೊಂಡ 2015ರ ಮಾದರಿ ಒಪ್ಪಂದವು ದೇಶದೊಳಗೆ ಸ್ಥಾಪಿತವಾಗಿ ನಡೆಯುತ್ತಿರುವ ಉದ್ಯಮವನ್ನು ಮಾತ್ರ ಆಧಾರವಾಗಿ ಹಿಡಿಯುತ್ತದೆ. ಯುಎಇ ಒಪ್ಪಂದದಲ್ಲಿ ಈ ಬಿಗಿಯನ್ನು ಸಡಿಲಿಸಿ, ಷೇರುಪೇಟೆಯ ಪೋರ್ಟ್‌ಫೋಲಿಯೊ ಹೂಡಿಕೆಗೂ ಜಾಗ ಕೊಡಲಾಗಿದೆ. ಮಾದರಿಯನ್ನು ಓದಿ ಒಪ್ಪಂದವನ್ನೇ ಓದಿದೆನೆಂದು ತಿಳಿಯುವುದು ಇಲ್ಲಿನ ಸಾಮಾನ್ಯ ತಪ್ಪು.

ಹಂತ 4: ಪ್ರವೇಶದ ಹಕ್ಕೋ, ಪ್ರವೇಶಿಸಿದ ಮೇಲಿನ ರಕ್ಷಣೆಯೋ?

ಇಡೀ ಕೆಲಸದ ಕವಲುದಾರಿ ಇದು. ರಾಷ್ಟ್ರೀಯ ಉಪಚಾರದ ವಿಧಿಯನ್ನು, ಅಂದರೆ ವಿದೇಶಿಯನ್ನು ದೇಶೀಯನಿಗಿಂತ ಕೀಳಾಗಿ ನಡೆಸಿಕೊಳ್ಳುವಂತಿಲ್ಲ ಎಂಬ ವಿಧಿಯನ್ನು, ತೆರೆದಿಟ್ಟುಕೊಂಡು ಅದರಲ್ಲಿರುವ ಕ್ರಿಯೆಗಳನ್ನು ಎಣಿಸಿ. ಸ್ಥಾಪನೆ, ಸ್ವಾಧೀನ, ವಿಸ್ತರಣೆ ಎಂಬ ಮೂರು ಮಾತುಗಳಿದ್ದರೆ ಒಪ್ಪಂದವು ಒಳಗೆ ಬರುವ ಹಕ್ಕನ್ನೇ ಮುಟ್ಟುತ್ತದೆ. ನಿರ್ವಹಣೆ, ನಡೆಸುವಿಕೆ, ಮಾರಾಟ, ವಿಲೇವಾರಿ ಎಂಬುವಷ್ಟೇ ಇದ್ದರೆ ಅದು ಈಗಾಗಲೇ ಒಳಗೆ ಬಂದವನಿಗೆ ಮಾತ್ರ ರಕ್ಷಣೆ ಕೊಡುತ್ತದೆ.

ಭಾರತದ 2015ರ ಮಾದರಿ ಎರಡನೆಯ ಗುಂಪಿನದು. ಸ್ಥಾಪನೆಗೆ ಮುಂಚಿನ ಚಟುವಟಿಕೆಗೆ ಒಪ್ಪಂದ ಅನ್ವಯಿಸುವುದಿಲ್ಲ ಎಂದು ಅದು ಸ್ಪಷ್ಟವಾಗಿಯೇ ಹೇಳುತ್ತದೆ. 1994ರ ಜನವರಿ 1ರಂದು ಜಾರಿಯಾದ ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದ ನಾಫ್ಟಾ ಮೊದಲ ಗುಂಪಿಗೆ ದಾರಿ ತೋರಿಸಿತು. 2011ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಭಾರತ–ಜಪಾನ್ ಒಪ್ಪಂದವು ಹೊಸ ಹೂಡಿಕೆಯ ಸ್ಥಾಪನೆಯನ್ನೂ ವ್ಯಾಪ್ತಿಗೆ ತಂದು, ಹೊರಗಿಡಬೇಕಾದುದನ್ನು ಅನುಬಂಧದಲ್ಲಿ ಪಟ್ಟಿ ಮಾಡುತ್ತದೆ.

ಇಲ್ಲಿ ಹಿಡಿಯಬೇಕಾದ ಅಪಾಯದ ಸೂಚನೆ ಒಂದು ಸಣ್ಣ ಪದಗುಚ್ಛ. ತನ್ನ ಕಾನೂನು ಮತ್ತು ನಿಯಮಗಳಿಗೆ ಅನುಸಾರವಾಗಿ ಹೂಡಿಕೆಯನ್ನು ಪ್ರವೇಶಗೊಳಿಸತಕ್ಕದ್ದು ಎಂಬ ವಾಕ್ಯವಿದ್ದರೆ, ಬಾಗಿಲ ಕೀಲಿ ದೇಶದ ಕೈಯಲ್ಲಿಯೇ ಉಳಿದಿದೆ. ಬಿಸಿಬಿಸಿ ಚರ್ಚೆಗಳಲ್ಲಿ ಪರ ವಿರೋಧ ಎರಡೂ ಬಣದವರು ಈ ಪದಗುಚ್ಛವನ್ನು ದಾಟಿ ಹೋಗುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ.

ಹಂತ 5: ಬದ್ಧತಾ ಪಟ್ಟಿಯನ್ನು ಬಿಡಿಸಿ

ದುರ್ಗದ ಕೋಟೆಯಲ್ಲಿ ಮೊದಲ ಬಾಗಿಲನ್ನು ದಾಟಿದವನ ಎದುರಿಗೆ ಬರುವುದು ಅರಮನೆಯಲ್ಲ, ತಿರುವು ಮತ್ತು ಇನ್ನೊಂದು ಬಾಗಿಲು. ಮುಖ್ಯ ಪಠ್ಯದ ವಿಧಿಯನ್ನು ದಾಟಿದವನ ಎದುರಿಗೂ ಹಾಗೆಯೇ ಪಟ್ಟಿ ಬರುತ್ತದೆ. ನಿಮ್ಮ ಅರ್ಧದಷ್ಟು ಸಮಯವನ್ನು ಈ ಹಂತಕ್ಕೆ ಮೀಸಲಿಡಿ.

ಮೊದಲು ಪಟ್ಟಿಯ ಸ್ವಭಾವವನ್ನು ನಿರ್ಧರಿಸಿ. ಧನಾತ್ಮಕ ಪಟ್ಟಿಯಲ್ಲಿ ಹೆಸರಿಸಿದ ವಲಯಗಳಿಗೆ ಮಾತ್ರ ಬದ್ಧತೆ; ಗ್ಯಾಟ್ಸ್ ಈ ಬಗೆಯದು. ಋಣಾತ್ಮಕ ಪಟ್ಟಿಯಲ್ಲಿ ಹೆಸರಿಸಿದವನ್ನು ಬಿಟ್ಟು ಉಳಿದ ಎಲ್ಲದಕ್ಕೂ ಬದ್ಧತೆ. ಹಾಗಾಗಿ ಒಂದರಲ್ಲಿ ಮೌನವೆಂದರೆ ಯಾವ ಮಾತನ್ನೂ ಕೊಟ್ಟಿಲ್ಲ ಎಂದರ್ಥ, ಇನ್ನೊಂದರಲ್ಲಿ ಮೌನವೆಂದರೆ ಪೂರ್ತಿ ಮಾತು ಕೊಟ್ಟಂತೆ. ಉದಾಹರಣೆಗೆ, ಗ್ಯಾಟ್ಸ್ ಪಟ್ಟಿಯಲ್ಲಿ ಭಾರತ ಚಿಲ್ಲರೆ ಮಾರಾಟ ಸೇವೆಯನ್ನು ಸೇರಿಸಿಯೇ ಇಲ್ಲ. ಅದನ್ನು ಕಾಣದೆ ‘ಪಟ್ಟಿಯಲ್ಲಿ ನಿರ್ಬಂಧವಿಲ್ಲ, ಆದ್ದರಿಂದ ಮುಕ್ತ’ ಎಂದು ಬರೆದ ಉತ್ತರಪತ್ರಿಕೆಗಳನ್ನು ನಾನು ತಿದ್ದಿದ್ದೇನೆ.

ಮುಂದೆ, ಪಟ್ಟಿಯ ಎಲ್ಲಕ್ಕಿಂತ ಮೊದಲಿರುವ ‘ಸಮತಲ ಬದ್ಧತೆಗಳು’ ಎಂಬ ಭಾಗವನ್ನು ಓದಿ. ಇದು ಎಲ್ಲ ವಲಯಗಳಿಗೂ ಅನ್ವಯಿಸುತ್ತದೆ. ಸಾರ್ವಜನಿಕ ಉದ್ಯಮಗಳ ಜೊತೆ ಪಾಲುದಾರಿಕೆಯಾಗುವಾಗ, ತಂತ್ರಜ್ಞಾನ ವರ್ಗಾವಣೆಗೆ ಉತ್ತಮ ಷರತ್ತು ನೀಡುವ ವಿದೇಶಿ ಸಂಸ್ಥೆಗೆ ಆದ್ಯತೆ ಎಂಬ ಷರತ್ತನ್ನು ಭಾರತ ಅಲ್ಲಿ ಇರಿಸಿದೆ. ನೇರವಾಗಿ ತಮ್ಮ ವಲಯದ ಸಾಲಿಗೆ ಹಾರುವವರು ಇದನ್ನು ಎಂದಿಗೂ ನೋಡುವುದಿಲ್ಲ.

ಆಮೇಲೆ ನಿಮ್ಮ ವಲಯದ ಸಾಲಿಗೆ ಬನ್ನಿ. ಅಡ್ಡಲಾಗಿ ಮಾರುಕಟ್ಟೆ ಪ್ರವೇಶ, ರಾಷ್ಟ್ರೀಯ ಉಪಚಾರ, ಹೆಚ್ಚುವರಿ ಬದ್ಧತೆ ಎಂಬ ಕಾಲಮ್ಮುಗಳೂ ಪ್ರತಿ ಕಾಲಮ್ಮಿನೊಳಗೆ 1ರಿಂದ 4ರವರೆಗಿನ ಪೂರೈಕೆ ವಿಧಾನಗಳೂ ಇರುತ್ತವೆ. ಹೂಡಿಕೆಗೆ ಬೇಕಾದುದು 3ನೆಯದು. ಅಲ್ಲಿರುವ ‘ನನ್’ (None) ಎಂಬ ಇಂಗ್ಲಿಷ್ ಪದದ ಅರ್ಥ ನಿರ್ಬಂಧ ಏನೂ ಇಲ್ಲ, ಪೂರ್ಣ ಬದ್ಧತೆ ಎಂದು. ‘ಅನ್‌ಬೌಂಡ್’ ಎಂದರೆ ಕಟ್ಟಿಲ್ಲ, ಬದ್ಧತೆಯೇ ಇಲ್ಲ ಎಂದು. ಹತ್ತರಲ್ಲಿ ಎಂಟು ಜನ ‘ನನ್’ ಎಂಬುದನ್ನು ‘ಯಾವ ಅವಕಾಶವೂ ಇಲ್ಲ’ ಎಂದೂ, ‘ಅನ್‌ಬೌಂಡ್’ ಎಂಬುದನ್ನು ‘ಎಲ್ಲೆಯಿಲ್ಲದ ಅವಕಾಶ’ ಎಂದೂ ಕನ್ನಡಕ್ಕೆ ತಂದುಕೊಳ್ಳುತ್ತಾರೆ. ಉತ್ತರ ಸಂಪೂರ್ಣ ತಿರುವುಮುರುವಾಗಲು ಇದೊಂದೇ ಸಾಕು. ಈ ಎರಡು ಪದಗಳ ಅರ್ಥವನ್ನು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ಮಾರುಕಟ್ಟೆ ಪ್ರವೇಶದ ಕಾಲಮ್ಮಿನಲ್ಲಿ ಯಾವ ಬಗೆಯ ನಿರ್ಬಂಧಗಳನ್ನು ಹುಡುಕಬೇಕೆಂಬುದನ್ನು ಗ್ಯಾಟ್ಸ್‌ನ 16ನೇ ವಿಧಿ ಹೇಳುತ್ತದೆ: ಸೇವಾದಾರರ ಸಂಖ್ಯೆ, ವಹಿವಾಟಿನ ಮೌಲ್ಯ, ಸೇವೆಯ ಒಟ್ಟು ಪ್ರಮಾಣ, ನೌಕರರ ಸಂಖ್ಯೆ, ಸಂಸ್ಥೆಯ ಕಾನೂನು ಸ್ವರೂಪ ಮತ್ತು ವಿದೇಶಿ ಬಂಡವಾಳದ ಮಿತಿ. ಬದ್ಧತೆ ಕೊಟ್ಟ ವಲಯದಲ್ಲಿ ಈ ಆರನ್ನು ಪಟ್ಟಿಯಲ್ಲಿ ಬರೆದಿದ್ದರಷ್ಟೇ ಹೇರಬಹುದು. ಗುಣಮಟ್ಟ, ಸ್ವಚ್ಛತೆ, ಅಗ್ನಿಸುರಕ್ಷತೆಯಂಥ ನಿಯಮಗಳು ಈ ಆರರಲ್ಲಿ ಬರುವುದಿಲ್ಲ. ಆದ್ದರಿಂದ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಕೇಳಿದ ಮಾತ್ರಕ್ಕೆ ಮಾರುಕಟ್ಟೆ ಪ್ರವೇಶದ ಬದ್ಧತೆ ಮುರಿದಂತಾಗುವುದಿಲ್ಲ.

ಮಾದರಿ ಪ್ರಶ್ನೆಗೆ ಮರಳೋಣ. ಭಾರತದ ಪಟ್ಟಿಯಲ್ಲಿ ಆಸ್ಪತ್ರೆ ಸೇವೆ ಇದೆ. 3ನೇ ವಿಧಾನದ ಎದುರು, ಭಾರತದಲ್ಲಿ ಕಂಪನಿಯಾಗಿ ನೋಂದಣಿಯಾಗುವ ಮೂಲಕ ಮಾತ್ರ ಮತ್ತು ವಿದೇಶಿ ಬಂಡವಾಳ ಶೇ 51ರ ಮಿತಿಯೊಳಗೆ ಎಂಬ ಷರತ್ತಿದೆ. ಮೇಲಿನ ಆರರಲ್ಲಿ ಐದನೆಯ ಮತ್ತು ಆರನೆಯ ನಿರ್ಬಂಧಗಳು ಇಲ್ಲಿ ಒಂದೇ ಸಾಲಿನಲ್ಲಿ ಸೇರಿವೆ. ಹೀಗೆ ಒಪ್ಪಂದವು ಕೊಟ್ಟ ಹಕ್ಕು ಶೇ 51ಕ್ಕೆ ನಿಲ್ಲುತ್ತದೆ.

ಋಣಾತ್ಮಕ ಪಟ್ಟಿಯ ಒಪ್ಪಂದವಾದರೆ ಎರಡು ಅನುಬಂಧಗಳನ್ನು ಬೇರೆಬೇರೆಯಾಗಿ ಓದಬೇಕು. ಒಂದರಲ್ಲಿ ಈಗ ಇರುವ ನಿರ್ಬಂಧಗಳು, ಇನ್ನೊಂದರಲ್ಲಿ ಮುಂದೆಯೂ ಸ್ವಾತಂತ್ರ್ಯ ಉಳಿಸಿಕೊಂಡ ವಲಯಗಳು. ಮೊದಲನೆಯ ಅನುಬಂಧಕ್ಕೆ ಕೆಲವು ಒಪ್ಪಂದಗಳಲ್ಲಿ ‘ರ‍್ಯಾಚೆಟ್’ ಎಂಬ ನಿಯಮವಿರುತ್ತದೆ: ದೇಶವು ತಾನಾಗಿಯೇ ನಿರ್ಬಂಧವನ್ನು ಸಡಿಲಿಸಿದರೆ ಆ ಸಡಿಲಿಕೆಯೇ ಹೊಸ ಬದ್ಧತೆಯಾಗುತ್ತದೆ, ಹಿಂದಕ್ಕೆ ಹೋಗುವಂತಿಲ್ಲ. ಎತ್ತಿನ ಗಾಡಿಯ ಚಕ್ರಕ್ಕೆ ಹಿಂದೆ ಕಲ್ಲು ಕೊಟ್ಟಂತೆ ಅದು. ನೀತಿಯನ್ನು ಪ್ರಯೋಗವಾಗಿ ಬದಲಿಸಿ ನೋಡುವ ಸ್ವಾತಂತ್ರ್ಯ ಅಲ್ಲಿಗೆ ಮುಗಿಯುವುದರಿಂದ, ಈ ಸಾಲು ಕಂಡ ಕೂಡಲೇ ಕೆಂಪು ಗುರುತು ಹಾಕಿ.

ಮರೆತೇ ಹೋಗುವ ಇನ್ನೊಂದು ಒಪ್ಪಂದ

ಟ್ರಿಮ್ಸ್ ಎಂಬುದು ಸರಕು ವ್ಯಾಪಾರದ ಗುಂಪಿನಲ್ಲಿರುವ ವಿಶ್ವ ವಾಣಿಜ್ಯ ಸಂಸ್ಥೆಯ ಒಪ್ಪಂದ. ಅದು ಯಾವ ವಲಯವನ್ನೂ ತೆರೆಯುವುದಿಲ್ಲ. ಆದರೆ ಬಂದ ಹೂಡಿಕೆಯ ಮೇಲೆ ‘ಇಲ್ಲಿ ತಯಾರಾದ ಬಿಡಿಭಾಗವನ್ನೇ ಬಳಸಬೇಕು’ ಎಂಬಂಥ ಷರತ್ತು ಹೇರುವುದನ್ನು ತಡೆಯುತ್ತದೆ. ರಾಷ್ಟ್ರೀಯ ಸೌರ ಮಿಷನ್ನಿನಲ್ಲಿ ದೇಶೀಯ ಸೌರಕೋಶಗಳನ್ನೇ ಬಳಸಬೇಕೆಂಬ ಷರತ್ತಿನ ವಿರುದ್ಧ ಅಮೆರಿಕ 2013ರಲ್ಲಿ ದೂರು ಕೊಟ್ಟಿತು, 2016ರಲ್ಲಿ ಭಾರತ ಮೇಲ್ಮನವಿಯಲ್ಲಿಯೂ ಸೋತಿತು. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳ ಬಗ್ಗೆಯಾಗಲಿ, ಬಯಲಿನ ಸೌರಘಟಕಗಳ ಬಗ್ಗೆಯಾಗಲಿ ಬರೆಯುವವರು ಹೂಡಿಕೆ ಅಧ್ಯಾಯವನ್ನಷ್ಟೇ ಓದಿ ನಿಲ್ಲಿಸಿದರೆ ಈ ತಡೆ ಕಾಣಿಸುವುದಿಲ್ಲ.

ಹಂತ 6: ಅಪವಾದಗಳು ಮತ್ತು ಪರಮಾಪ್ತ ರಾಷ್ಟ್ರದ ವಿಧಿ

ಸಾರ್ವಜನಿಕ ನೈತಿಕತೆ, ಆರೋಗ್ಯ, ಭದ್ರತೆಯ ಅಪವಾದಗಳನ್ನು ಓದಿ ಗುರುತು ಮಾಡಿಕೊಂಡರೆ ಸಾಕು. ಅವು ಹೆಚ್ಚಿನ ಒಪ್ಪಂದಗಳಲ್ಲಿ ಒಂದೇ ಬಗೆಯಾಗಿರುತ್ತವೆ. ಪರಮಾಪ್ತ ರಾಷ್ಟ್ರದ ವಿಧಿಯ ಬಳಿ ಮಾತ್ರ ನಿಧಾನಿಸಬೇಕು. ಹೆಸರು ವಿಶೇಷ ಸ್ನೇಹವನ್ನು ಸೂಚಿಸುವಂತಿದ್ದರೂ ಅದರ ಅರ್ಥ, ಇನ್ನೊಬ್ಬರಿಗೆ ಕೊಟ್ಟದ್ದಕ್ಕಿಂತ ಕಡಿಮೆ ನಮಗೆ ಕೊಡುವಂತಿಲ್ಲ ಎಂದಷ್ಟೇ.

ಈ ವಿಧಿಯ ಬಲ ಭಾರತಕ್ಕೆ ತಿಳಿದದ್ದು ವೈಟ್ ಇಂಡಸ್ಟ್ರೀಸ್ ಪ್ರಕರಣದಲ್ಲಿ. ಆಸ್ಟ್ರೇಲಿಯದ ಈ ಕಂಪನಿಗೆ ಕೋಲ್ ಇಂಡಿಯಾ ವಿರುದ್ಧದ ಮಧ್ಯಸ್ಥಿಕೆ ತೀರ್ಪು 2002ರಲ್ಲಿ ಸಿಕ್ಕಿದ್ದರೂ ಅದನ್ನು ಜಾರಿಗೊಳಿಸುವ ಪ್ರಶ್ನೆ ನಮ್ಮ ನ್ಯಾಯಾಲಯಗಳಲ್ಲಿ ಒಂಬತ್ತು ವರ್ಷ ತೀರ್ಮಾನವಾಗದೆ ಉಳಿಯಿತು. ಆಸ್ಟ್ರೇಲಿಯದ ಜೊತೆಗಿನ ಒಪ್ಪಂದದಲ್ಲಿ ಇಲ್ಲದ, ಕುವೈತ್ ಜೊತೆಗಿನ ಒಪ್ಪಂದದಲ್ಲಿದ್ದ ‘ಹಕ್ಕು ಸಾಧನೆಗೆ ಪರಿಣಾಮಕಾರಿ ಮಾರ್ಗ’ ಎಂಬ ಮಾತನ್ನು ಪರಮಾಪ್ತ ವಿಧಿಯ ಮೂಲಕ ಎರವಲು ತಂದು ಕಂಪನಿ 2011ರಲ್ಲಿ ಗೆದ್ದಿತು. 2015ರ ಮಾದರಿಯಲ್ಲಿ ಪರಮಾಪ್ತ ವಿಧಿಯೇ ಇಲ್ಲದಿರುವುದರ ಹಿಂದೆ ಈ ಅನುಭವವಿದೆ. ನೀವು ಓದುವ ಒಪ್ಪಂದದಲ್ಲಿ ಅದು ಇದ್ದರೆ, ಭಾರತವು ಬೇರೆಯವರ ಜೊತೆ ಮಾಡಿಕೊಂಡ ಒಪ್ಪಂದಗಳನ್ನೂ ಓದಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಗ್ಯಾಟ್ಸ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ: ಪರಮಾಪ್ತ ವಿಧಿಯು ಪಟ್ಟಿಯಲ್ಲಿ ಇಲ್ಲದ ವಲಯಕ್ಕೂ ಅನ್ವಯಿಸುತ್ತದೆ. ಭೂಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಸರ್ಕಾರದ ಅನುಮೋದನೆ ಕಡ್ಡಾಯಗೊಳಿಸಿ 2020ರ ಏಪ್ರಿಲ್‌ನಲ್ಲಿ ಪ್ರೆಸ್ ನೋಟ್ ಹೊರಬಿದ್ದಾಗ, ಅದು ತಾರತಮ್ಯರಹಿತ ತತ್ವಕ್ಕೆ ವಿರುದ್ಧವೆಂದು ಚೀನಾ ಆಕ್ಷೇಪಿಸಿತು.

ಹಂತ 7: ಈಗ, ಈ ಹಂತದಲ್ಲಿ ಮಾತ್ರ, ದೇಶದ ಕಾನೂನಿಗೆ ಬನ್ನಿ

ನಮ್ಮಲ್ಲಿ ಒಪ್ಪಂದ ತಾನಾಗಿಯೇ ಕಾನೂನಾಗುವುದಿಲ್ಲ. ಸಂವಿಧಾನದ 253ನೇ ವಿಧಿ ಒಪ್ಪಂದವನ್ನು ಜಾರಿಗೊಳಿಸುವ ಶಾಸನ ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಡುತ್ತದೆ, ರಾಜ್ಯಪಟ್ಟಿಯ ವಿಷಯವಾದರೂ ಸರಿ. ಕೃಷಿ, ಭೂಮಿ, ಮಾರುಕಟ್ಟೆ ಮತ್ತು ಸಂತೆ, ಆಸ್ಪತ್ರೆ ಈ ಎಲ್ಲವೂ ರಾಜ್ಯಪಟ್ಟಿಯವು. ಒಪ್ಪಂದಕ್ಕೆ ಸಹಿ ಹಾಕುವವರು ದೆಹಲಿಯವರು, ನೆಲ ಮತ್ತು ಪರವಾನಗಿ ಕೊಡುವವರು ಬೆಂಗಳೂರಿನವರು ಮತ್ತು ಜಿಲ್ಲೆಯವರು; ಒಪ್ಪಂದದ ಉಲ್ಲಂಘನೆಯಾದರೆ ಮಾತ್ರ ಅಂತರರಾಷ್ಟ್ರೀಯವಾಗಿ ಉತ್ತರ ಕೊಡಬೇಕಾದದ್ದು ಭಾರತ. ರಾಜ್ಯ ಸರ್ಕಾರದ ಆದೇಶವಾಗಲಿ, ವೈಟ್ ಪ್ರಕರಣದಲ್ಲಿ ಕಂಡಂತೆ ನ್ಯಾಯಾಲಯದ ವಿಳಂಬವಾಗಲಿ, ದೇಶದ ಲೆಕ್ಕಕ್ಕೇ ಬೀಳುತ್ತದೆ.

ಎಫ್‌ಡಿಐ ನೀತಿಯಲ್ಲಿ ಪ್ರತಿ ಚಟುವಟಿಕೆಗೂ ಮೂರು ಅಂಶಗಳನ್ನು ಬರೆದುಕೊಳ್ಳಿ: ಶೇಕಡಾವಾರು ಮಿತಿ, ಸರ್ಕಾರವನ್ನು ಮೊದಲೇ ಕೇಳಬೇಕಿಲ್ಲದ ಸ್ವಯಂಚಾಲಿತ ಮಾರ್ಗವೋ ಸರ್ಕಾರದ ಅನುಮೋದನೆಯ ಮಾರ್ಗವೋ, ಮತ್ತು ಷರತ್ತುಗಳು. ಹಂತ 1ರಲ್ಲಿ ಬಿಡಿಸಿಟ್ಟ ಮೆಕ್ಕೆಜೋಳದ ಐದು ಕೆಲಸಗಳು ಈಗ ಬಳಕೆಗೆ ಬರುತ್ತವೆ. ಬಿತ್ತನೆ ಬೀಜದ ಅಭಿವೃದ್ಧಿ ಮತ್ತು ಉತ್ಪಾದನೆಗೆ ಶೇ 100ರಷ್ಟು ಸ್ವಯಂಚಾಲಿತ ಮಾರ್ಗದಲ್ಲಿ ಅವಕಾಶವಿದೆ. ಹೊಲದಲ್ಲಿ ಮೆಕ್ಕೆಜೋಳ ಬೆಳೆಯಲು ಅವಕಾಶವೇ ಇಲ್ಲ, ಏಕೆಂದರೆ ನೀತಿಯು ಹೂವು, ತೋಟಗಾರಿಕೆ, ಪಶುಸಂಗೋಪನೆಯಂಥ ಹೆಸರಿಸಿದ ಕೆಲವು ಚಟುವಟಿಕೆಗಳನ್ನು ಬಿಟ್ಟು ಉಳಿದ ಕೃಷಿಯನ್ನು ವಿದೇಶಿ ಹೂಡಿಕೆಗೆ ಮುಚ್ಚಿದೆ. ಸಗಟು ವ್ಯಾಪಾರಕ್ಕೂ, ಪಿಷ್ಟದ ಕಾರ್ಖಾನೆಗೂ ಶೇ 100 ಸ್ವಯಂಚಾಲಿತ; ಚಳ್ಳಕೆರೆಯ ಶೇಂಗಾ ಎಣ್ಣೆ ಗಿರಣಿಗಳೂ ಈ ತಯಾರಿಕೆಯ ಗುಂಪಿನಲ್ಲಿಯೇ ಬರುತ್ತವೆ. ಹಲವು ಬ್ರಾಂಡುಗಳ ಚಿಲ್ಲರೆ ಮಳಿಗೆಗೆ ಶೇ 51ರ ಮಿತಿ, ಸರ್ಕಾರದ ಅನುಮೋದನೆ, ಕನಿಷ್ಠ 10 ಕೋಟಿ ಡಾಲರ್ ಹೂಡಿಕೆ ಮತ್ತು ರಾಜ್ಯದ ಸಮ್ಮತಿ ಬೇಕು. ಸಮ್ಮತಿಸಿದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವಿದೆ. ಆದರೆ 2011ರ ಜನಗಣತಿಯ ಪ್ರಕಾರ 10 ಲಕ್ಷ ಜನಸಂಖ್ಯೆ ಮೀರಿದ ನಗರ ಅಥವಾ ರಾಜ್ಯ ಸರ್ಕಾರ ನಿರ್ಧರಿಸಿದ ನಗರ ಎಂಬ ಷರತ್ತೂ ಇದೆ. ಆ ಗಣತಿಯಲ್ಲಿ ಸುಮಾರು 4.35 ಲಕ್ಷ ಜನರಿದ್ದ ದಾವಣಗೆರೆಯಲ್ಲಿ ಅಂಥ ಮಳಿಗೆ ಬರಬೇಕಾದರೆ ರಾಜ್ಯದ ನಿರ್ಧಾರವೇ ಬೇಕು.

ಕಬ್ಬಿಣದ ಅದಿರಿನ ಗಣಿಗಾರಿಕೆಗೆ ಶೇ 100 ಸ್ವಯಂಚಾಲಿತ ಮಾರ್ಗ ತೆರೆದಿದೆ ಎಂಬುದನ್ನು ಓದಿ ಹೊಳಲ್ಕೆರೆ, ಹೊಸದುರ್ಗದ ಕಡೆಯವರು ಗಾಬರಿಯಾಗುವುದುಂಟು. ಹಣ ತರುವ ಹಕ್ಕು ಬೇರೆ, ಗಣಿ ಗುತ್ತಿಗೆ ಪಡೆಯುವುದು ಬೇರೆ. 2015ರ ತಿದ್ದುಪಡಿಯ ನಂತರ ಗುತ್ತಿಗೆ ಹರಾಜಿನ ಮೂಲಕ ಸಿಗುತ್ತದೆ, ಅರಣ್ಯ ಮತ್ತು ಪರಿಸರದ ಅನುಮತಿಗಳು ಅದರ ಮೇಲೆ.

ಇನ್ನು ಒಪ್ಪಂದದ ಮಿತಿಯನ್ನೂ ನೀತಿಯ ಮಿತಿಯನ್ನೂ ಪಕ್ಕಪಕ್ಕದಲ್ಲಿ ಬರೆಯಿರಿ. ದೂರಸಂಪರ್ಕದಲ್ಲಿ ಭಾರತ 1997ರಲ್ಲಿ ಗ್ಯಾಟ್ಸ್ ಅಡಿ ಕೊಟ್ಟ ಬದ್ಧತೆ ಶೇ 25, ಇಂದಿನ ನೀತಿ ಶೇ 100. ಆಸ್ಪತ್ರೆಗೆ ಒಪ್ಪಂದ ಶೇ 51, ನೀತಿ ಶೇ 100. ಎರಡರ ನಡುವಿನ ಅಂತರವೇ ಸರ್ಕಾರಕ್ಕೆ ಉಳಿದಿರುವ ಸ್ವಾತಂತ್ರ್ಯ: ಅಷ್ಟನ್ನು ಅದು ಒಪ್ಪಂದ ಮುರಿಯದೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಹೊಸ ವ್ಯಾಪಾರ ಒಪ್ಪಂದಗಳ ಮಾತುಕತೆಯಲ್ಲಿ ಎದುರು ಪಕ್ಷದವರು ಕೇಳುವುದು ಬಹುಮಟ್ಟಿಗೆ ಈ ಅಂತರವನ್ನು ತುಂಬಿಕೊಡಿ ಎಂದೇ. ಹೊಸದಾಗಿ ಒಂದು ರೂಪಾಯಿಯ ಬಂಡವಾಳಕ್ಕೂ ದಾರಿ ಮಾಡದೆ, ಇರುವ ದಾರಿಯನ್ನು ಶಾಶ್ವತಗೊಳಿಸುವ ಒಪ್ಪಂದವೂ ದೊಡ್ಡ ಒಪ್ಪಂದವೇ ಆಗಿರುವುದು ಈ ಕಾರಣದಿಂದ.

ಹಂತ 8: ಮಾತು ಮುರಿದರೆ ಯಾರು, ಎಲ್ಲಿ ಕೇಳಬಹುದು?

ವಿಶ್ವ ವಾಣಿಜ್ಯ ಸಂಸ್ಥೆಯಲ್ಲಿ ದೇಶ ಮಾತ್ರ ದೂರು ಕೊಡಬಹುದು, ಕಂಪನಿ ಕೊಡಲಾರದು. ಹೂಡಿಕೆ ಒಪ್ಪಂದಗಳಲ್ಲಿ ಕಂಪನಿಯೇ ಸರ್ಕಾರವನ್ನು ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಎಳೆಯಬಹುದು. ಅದಕ್ಕೆ ಮುನ್ನ ಸ್ಥಳೀಯ ನ್ಯಾಯಾಲಯಗಳಲ್ಲಿ ಎಷ್ಟು ಕಾಲ ಪ್ರಯತ್ನಿಸಬೇಕೆಂಬುದನ್ನು ನೋಡಿ: 2015ರ ಮಾದರಿಯಲ್ಲಿ ಐದು ವರ್ಷ, ಯುಎಇ ಒಪ್ಪಂದದಲ್ಲಿ ಮೂರು ವರ್ಷ. ತೆರಿಗೆ ವಿಷಯ ಹೊರಗಿದೆಯೇ ಎಂಬುದನ್ನೂ ನೋಡಿ. ಕೇರ್ನ್ ಕಂಪನಿ 2020ರ ಡಿಸೆಂಬರ್‌ನಲ್ಲಿ ಬ್ರಿಟನ್ ಒಪ್ಪಂದದ ಅಡಿ ಸುಮಾರು 120 ಕೋಟಿ ಡಾಲರ್‌ಗಳ ತೀರ್ಪು ಪಡೆದದ್ದು ತೆರಿಗೆಯ ವಿಷಯದಲ್ಲಿಯೇ. ಮರುವರ್ಷ ಆ ವಿವಾದಕ್ಕೆ ಕಾರಣವಾದ ಪೂರ್ವಾನ್ವಯ ತೆರಿಗೆಯ ಕಾನೂನನ್ನು ಸಂಸತ್ತು ಹಿಂದಕ್ಕೆ ಪಡೆಯಿತು.

ಕೊನೆಯ ಪುಟದ ‘ಸೂರ್ಯಾಸ್ತ’ ವಿಧಿಯನ್ನು ತಪ್ಪದೆ ಓದಿ. ಭಾರತ 2016ರಿಂದ ಹಳೆಯ ಹೂಡಿಕೆ ಒಪ್ಪಂದಗಳಲ್ಲಿ ಹೆಚ್ಚಿನವುಗಳಿಗೆ ಮುಕ್ತಾಯದ ನೋಟಿಸ್ ಕೊಟ್ಟಿತು. ಅದರಿಂದ ಅವು ಸತ್ತಂತೆ ತಿಳಿಯಬಾರದು. ಬ್ರಿಟನ್ನಿನ ಜೊತೆಗಿನ 1994ರ ಒಪ್ಪಂದ 2017ರಲ್ಲಿ ಕೊನೆಗೊಂಡಿತಾದರೂ, ಅದು ಜಾರಿಯಲ್ಲಿದ್ದಾಗ ಬಂದ ಹೂಡಿಕೆಗಳಿಗೆ ಮುಂದಿನ 15 ವರ್ಷ ಅದರ ರಕ್ಷಣೆ ಉಳಿಯುತ್ತದೆ. ಯಾವ ವರ್ಷ ಹಣ ಬಂತು ಎಂಬ ಪ್ರಶ್ನೆ ಕೇಳದೆ ‘ಆ ಒಪ್ಪಂದ ಈಗಿಲ್ಲ’ ಎಂದು ಬರೆಯುವುದು ಇಲ್ಲಿನ ಮಾಮೂಲಿ ತಪ್ಪು.

ಹಂತ 9: ಉತ್ತರವನ್ನು ಬರೆಯುವ ರೀತಿ

ಬರಬಹುದು ಅಥವಾ ಬರುವಂತಿಲ್ಲ ಎಂದು ಒಂದೇ ಮಾತಿನಲ್ಲಿ ಬರೆಯಬೇಡಿ. ಹಕ್ಕು, ಅನುಮತಿ, ಷರತ್ತು, ಪರಿಹಾರ ಎಂಬ ಕ್ರಮದಲ್ಲಿ ಬರೆಯಿರಿ. ನಮ್ಮ ಮಾದರಿ ಪ್ರಶ್ನೆಯ ಉತ್ತರ ಹೀಗಿರುತ್ತದೆ: ಆ ಕಂಪನಿಗೆ ಭಾರತದಲ್ಲಿ ನೋಂದಾಯಿತ ಸಂಸ್ಥೆಯ ಮೂಲಕ ದಾವಣಗೆರೆಯಲ್ಲಿ ಆಸ್ಪತ್ರೆ ಸ್ಥಾಪಿಸಲು ಗ್ಯಾಟ್ಸ್ ಅಡಿ ಶೇ 51ರವರೆಗೆ ಭಾರತವು ಬದ್ಧವಾಗಿದೆ. ಅದರ ಮೇಲಿನ ಶೇ 49ಕ್ಕೆ ಸದ್ಯದ ನೀತಿ ಅನುಮತಿ ಕೊಟ್ಟಿದೆ, ಆದರೆ ಆ ದೇಶದ ಜೊತೆ ಇನ್ನೂ ವಿಸ್ತಾರವಾದ ಒಪ್ಪಂದ ಇಲ್ಲದಿದ್ದರೆ ಆ ಅನುಮತಿಯನ್ನು ಹಿಂಪಡೆಯಬಹುದು. ಜಮೀನು, ಕಟ್ಟಡ, ವೈದ್ಯಕೀಯ ನೋಂದಣಿಗಳಿಗೆ ರಾಜ್ಯದ ಕಾನೂನು ದೇಶೀಯರಿಗೆ ಅನ್ವಯಿಸುವಂತೆಯೇ ಅನ್ವಯಿಸುತ್ತದೆ. ಬದ್ಧತೆ ಮುರಿದರೆ ಗ್ಯಾಟ್ಸ್ ಅಡಿ ದೂರು ಕೊಡಬೇಕಾದದ್ದು ಆ ಕಂಪನಿಯ ದೇಶ, ಕಂಪನಿಯಲ್ಲ.

ಉತ್ತರದ ಕೆಳಗೆ ಮೂರು ವಿವರಗಳನ್ನು ಸೇರಿಸಿ: ಯಾವ ಪಠ್ಯದ ಯಾವ ವಿಧಿ ಮತ್ತು ಯಾವ ಅನುಬಂಧದ ಯಾವ ಪುಟ, ಎಫ್‌ಡಿಐ ನೀತಿಯ ನಂತರ ನೋಡಿದ ಕೊನೆಯ ಪ್ರೆಸ್ ನೋಟ್‌ನ ಸಂಖ್ಯೆ, ಮತ್ತು ನೀವು ಓದಿ ಮುಗಿಸಿದ ದಿನಾಂಕ. ವಿಮೆಯಲ್ಲಿ ಶೇ 26 ಇದ್ದ ಮಿತಿ 2015ರಲ್ಲಿ 49 ಆಗಿ, 2021ರಲ್ಲಿ 74 ಆಯಿತು; 2025ರ ಕಾನೂನು ತಿದ್ದುಪಡಿ ಅದನ್ನು 100ಕ್ಕೆ ಏರಿಸಿತು. ದಿನಾಂಕವಿಲ್ಲದ ಹಳೆಯ ಟಿಪ್ಪಣಿಯೊಂದನ್ನು ನಂಬಿ ಬರೆದವರು ಇವುಗಳಲ್ಲಿ ಯಾವ ಅಂಕಿಯನ್ನು ಬೇಕಾದರೂ ಬರೆದಿರಬಹುದು, ಮತ್ತು ಅದು ತಪ್ಪೋ ಸರಿಯೋ ಎಂಬುದನ್ನು ಪರಿಶೀಲಿಸುವ ದಾರಿಯೇ ಓದುಗನಿಗೆ ಇರುವುದಿಲ್ಲ.